ರೀಫೈನಾನ್ಸ್: ಸಾಲ ತೀರಿತೋ, ಜಾಗ ಬದಲಿಸಿತೋ?

ಬೆಂಗಳೂರು: ‘ಮನೆ ಸಾಲ ರೀಫೈನಾನ್ಸ್ ಮಾಡಿಸಿದೆವು’ ಎಂಬ ಮಾತು ನಗರದ ಕಚೇರಿಗಳಲ್ಲಿ ಊಟದ ಹೊತ್ತಿಗೆ ಕೇಳಿಬರುವಂಥದ್ದು. ‘ನಬಾರ್ಡ್ ರೀಫೈನಾನ್ಸ್ ಕಡಿತ’ ಎಂಬ ಶೀರ್ಷಿಕೆಯೂ ಪತ್ರಿಕೆ ಓದುವವರಿಗೆ ಹೊಸದಲ್ಲ. ಎರಡೂ ಕಡೆ ಪದ ಒಂದೇ ಆದರೂ ಅರ್ಥ ಬೇರೆ. ಮೊದಲ ವಾಕ್ಯದಲ್ಲಿ ಸಾಲಗಾರರು ಹಳೆಯ ಸಾಲ ತೀರಿಸಲೆಂದೇ ಹೊಸ ಸಾಲ ಪಡೆದಿದ್ದಾರೆ. ಎರಡನೆಯದರಲ್ಲಿ ಸಾಲ ಕೊಡುವ ಸಂಸ್ಥೆಗೇ ಮತ್ತೊಂದು ಸಂಸ್ಥೆ ಹಣ ಒದಗಿಸುತ್ತದೆ.

ಇಂಗ್ಲಿಷಿನಲ್ಲಿ ಇದು ನೇರ ಕ್ರಿಯಾಪದ. ಕನ್ನಡಕ್ಕೆ ಬಂದಾಗ ‘ಮಾಡು’ ಅಥವಾ ‘ಮಾಡಿಸು’ ಸೇರಿಸಿಕೊಂಡೇ ಬಳಕೆಯಾಗುತ್ತದೆ. ಈ ಜೋಡಣೆಯಲ್ಲಿ ಒಂದು ಅನುಕೂಲವಿದೆ. ‘ಬ್ಯಾಂಕ್ ರೀಫೈನಾನ್ಸ್ ಮಾಡಿತು’ ಎಂದರೆ ಹಣ ಕೊಟ್ಟವರು ಯಾರೆಂಬುದು ತಿಳಿಯುತ್ತದೆ. ‘ನಾನು ರೀಫೈನಾನ್ಸ್ ಮಾಡಿಸಿದೆ’ ಎಂದರೆ ಅರ್ಜಿ ಹಾಕಿ ಸಾಲ ಬದಲಿಸಿಕೊಂಡವರು ಯಾರೆಂಬುದು ತಿಳಿಯುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಇದಕ್ಕೆ ‘ಟೇಕ್ ಓವರ್’ ಅಥವಾ ‘ಬ್ಯಾಲೆನ್ಸ್ ಟ್ರಾನ್ಸ್‌ಫರ್’ ಎಂಬ ಹೆಸರೇ ಹೆಚ್ಚು ರೂಢಿ. ಸಹಕಾರ ವಲಯದ ಕಾಗದಪತ್ರಗಳಲ್ಲಿ ಕಾಣುವ ‘ಪುನರ್ಧನ’ ಎಂಬ ಪದವು ಸಂಸ್ಥೆಗಳ ನಡುವಿನ ವ್ಯವಹಾರಕ್ಕೆ ಸಲ್ಲುವಂಥದ್ದು. ಮನೆ ಸಾಲ ಬದಲಿಸಿದವರು ‘ಪುನರ್ಧನ ಪಡೆದೆ’ ಎಂದರೆ ಕೇಳಿದವರು ತಬ್ಬಿಬ್ಬಾಗುವುದು ಖಂಡಿತ.

ಸಂಸ್ಥೆಗಳ ನಡುವಿನ ಪುನರ್ಧನ

ದೇಶದಲ್ಲಿ ಕೃಷಿಗೆ ಈ ವ್ಯವಸ್ಥೆಯನ್ನು ಒದಗಿಸಲು 1963ರಲ್ಲಿ ಕೃಷಿ ಪುನರ್ಧನ ನಿಗಮ ಸ್ಥಾಪನೆಯಾಯಿತು. 1982ರ ಜುಲೈ 12ರಂದು ಅಸ್ತಿತ್ವಕ್ಕೆ ಬಂದ ನಬಾರ್ಡ್ ಆ ಹೊಣೆಯನ್ನು ವಹಿಸಿಕೊಂಡಿತು. ಕರ್ನಾಟಕದಲ್ಲಿ ಬೆಳೆ ಸಾಲದ ಹಣ ನಬಾರ್ಡ್‌ನಿಂದ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳಿಗೆ, ಕೊನೆಗೆ ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಇಳಿದುಬರುತ್ತದೆ. ಬ್ಯಾಂಕುಗಳು ತಮ್ಮ ಠೇವಣಿಯ ಹಣವನ್ನೂ ಇದಕ್ಕೆ ಸೇರಿಸುತ್ತವೆ.

2024–25ನೇ ಸಾಲಿಗೆ ರಾಜ್ಯಕ್ಕೆ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು ನಬಾರ್ಡ್ 2,340 ಕೋಟಿ ರೂಪಾಯಿಗೆ ನಿಗದಿಪಡಿಸಿತ್ತು. ಹಿಂದಿನ ಸಾಲಿನಲ್ಲಿ ಅದು 5,600 ಕೋಟಿ ರೂಪಾಯಿ ಇತ್ತು. 2024ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರನ್ನು ಭೇಟಿ ಮಾಡಿ ಈ ವಿಷಯ ಪ್ರಸ್ತಾಪಿಸಿದ್ದರು. ‘ರೀಫೈನಾನ್ಸ್ ಕಡಿತ’ ಎಂದಾಗ ರೈತರ ಹಳೆಯ ಸಾಲ ಬದಲಿಸಿಕೊಡುವ ಸೌಲಭ್ಯ ನಿಂತಿತೆಂದು ತಿಳಿದರೆ ತಪ್ಪಾಗುತ್ತದೆ. ಕಡಿಮೆಯಾದದ್ದು ಸಹಕಾರ ಬ್ಯಾಂಕುಗಳಿಗೆ ಮೇಲಿನಿಂದ ಬರುವ ಅಗ್ಗದ ಹಣ. ಅದರ ಬಿಸಿ ರೈತನಿಗೆ ತಟ್ಟುವುದು, ಸಂಘದಲ್ಲಿ ಹೊಸ ಸಾಲ ಕೇಳಲು ಹೋದಾಗ.

ಇಂಥದ್ದೇ ಇನ್ನೊಂದು ಮಾತು, ‘ಮುದ್ರಾ ಬ್ಯಾಂಕಿನಲ್ಲಿ ಸಾಲ ತೆಗೆದುಕೊಂಡೆ’ ಎಂಬುದು. 2015ರಲ್ಲಿ ಆರಂಭವಾದ ಮುದ್ರಾ ಸಂಸ್ಥೆ ಉದ್ಯಮಿಗಳಿಗೆ ನೇರವಾಗಿ ಸಾಲ ಕೊಡುವುದಿಲ್ಲ. ಕೊಡುವ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗೆ ಪುನರ್ಧನ ಒದಗಿಸುತ್ತದೆ. ‘ಮುದ್ರಾ ಯೋಜನೆಯಲ್ಲಿ ಬ್ಯಾಂಕಿನಿಂದ ಸಾಲ ಪಡೆದೆ’ ಎಂಬುದು ಸರಿಯಾದ ಪ್ರಯೋಗ.

ಕಂತು ಇಳಿಯಿತು, ಸಾಲ ಏರಿತು

ನಗರವಾಸಿಗಳ ಜೇಬಿಗೆ ನೇರವಾಗಿ ಸಂಬಂಧಿಸಿದ್ದು ಗೃಹಸಾಲದ ರೀಫೈನಾನ್ಸ್. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರವನ್ನು ಶೇ 6.50ರಿಂದ ಶೇ 5.25ಕ್ಕೆ ಇಳಿಸಿತು. ಬಡ್ಡಿ ಇಳಿದಾಗಲೆಲ್ಲ ‘ನಮ್ಮಲ್ಲಿಗೆ ಬನ್ನಿ’ ಎಂಬ ದೂರವಾಣಿ ಕರೆಗಳು ಹೆಚ್ಚುವುದುಂಟು.

ಇಂಥ ಸಂದರ್ಭದಲ್ಲಿ ‘ರೀಫೈನಾನ್ಸ್ ಮಾಡಿಸಿ ಹಣ ಉಳಿಸಿದೆ’ ಎಂಬ ವಾಕ್ಯ ನಿಜವೇ ಎಂದು ಲೆಕ್ಕ ಹಾಕಿ ನೋಡಬೇಕು. ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ 30 ಲಕ್ಷ ರೂಪಾಯಿ ಸಾಲ ಪಡೆದವರ ಮಾಸಿಕ ಕಂತು ಸುಮಾರು 26,992 ರೂಪಾಯಿ. ಐದು ವರ್ಷ ತಪ್ಪದೆ ಕಟ್ಟಿದ ಬಳಿಕವೂ ಉಳಿಯುವ ಅಸಲು ಸುಮಾರು 26.61 ಲಕ್ಷ. ಆರಂಭದ ಕಂತುಗಳ ಬಹುಪಾಲು ಬಡ್ಡಿಗೇ ಹೋಗುವುದು ಇದಕ್ಕೆ ಕಾರಣ. ಈ ಮೊತ್ತವನ್ನು ಶೇ 8ರ ಬಡ್ಡಿಗೆ ಬೇರೆ ಬ್ಯಾಂಕಿಗೆ ವರ್ಗಾಯಿಸಿ, ಉಳಿದ 15 ವರ್ಷಗಳಲ್ಲೇ ತೀರಿಸುವುದಾದರೆ ಕಂತು ಸುಮಾರು 25,432 ರೂಪಾಯಿಗೆ ಇಳಿಯುತ್ತದೆ. ಒಟ್ಟು ಉಳಿತಾಯ 2.8 ಲಕ್ಷ ರೂಪಾಯಿಯಷ್ಟು.

ಅದೇ ಸಾಲವನ್ನು ಮತ್ತೆ 20 ವರ್ಷಕ್ಕೆ ಎಳೆದರೆ ಕಂತು ಸುಮಾರು 22,260 ರೂಪಾಯಿ ಆಗುತ್ತದೆ. ತಿಂಗಳಿಗೆ 4,700 ರೂಪಾಯಿ ಕಡಿಮೆ ಎಂದು ಮನೆಮಂದಿಗೆ ಸಮಾಧಾನ. ಆದರೆ ಹಳೆಯ ಬ್ಯಾಂಕಿನಲ್ಲೇ ಉಳಿದಿದ್ದರೆ 15 ವರ್ಷಗಳಲ್ಲಿ ಕಟ್ಟಬೇಕಿದ್ದದ್ದು 48.59 ಲಕ್ಷ, ಈಗ 20 ವರ್ಷಗಳಲ್ಲಿ ಕಟ್ಟುವುದು 53.42 ಲಕ್ಷ. ಬಡ್ಡಿ ದರ ಶೇ 1ರಷ್ಟು ಇಳಿದರೂ ಕೈಬಿಟ್ಟ ಹಣ 4.8 ಲಕ್ಷ ರೂಪಾಯಿ ಹೆಚ್ಚು. ಇಲ್ಲಿ ‘ಕಂತು ಇಳಿಸಿಕೊಂಡೆ’ ಎನ್ನಬಹುದು, ‘ಹಣ ಉಳಿಸಿದೆ’ ಎನ್ನಲಾಗದು. ಸಂಸ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಆಸ್ತಿ ಮೌಲ್ಯಮಾಪನ, ಹೊಸ ಅಡಮಾನದ ಮುದ್ರಾಂಕ ಶುಲ್ಕ ಇವೆಲ್ಲ ಈ ಲೆಕ್ಕದ ಹೊರಗಿವೆ.

ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲೇ ಆದೇಶಿಸಿದೆ. ಸಾಲ ಪೂರ್ತಿ ತೀರಿದ 30 ದಿನಗಳಲ್ಲಿ ಮೂಲ ದಾಖಲೆ ಮರಳಿಸಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಹೋಲುವ ಪದಗಳು

ಅದೇ ಬ್ಯಾಂಕಿನಲ್ಲಿ ಹಳೆಯ ಬಡ್ಡಿ ಪದ್ಧತಿಯಿಂದ ರೆಪೊ ಆಧಾರಿತ ದರಕ್ಕೆ ಬದಲಾಯಿಸಿಕೊಳ್ಳುವುದು ರೀಫೈನಾನ್ಸ್ ಅಲ್ಲ, ಬಡ್ಡಿ ಪರಿವರ್ತನೆ ಮಾತ್ರ. 2019ರ ಅಕ್ಟೋಬರ್‌ಗೆ ಮುಂಚಿನ ಸಾಲಗಾರರು ಮೊದಲು ವಿಚಾರಿಸಬೇಕಾದದ್ದು ಇದನ್ನೇ. ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವ ಶ್ರಮ ಉಳಿದೀತು.

ಬರಗಾಲದಲ್ಲಿ ರೈತರ ಅಲ್ಪಾವಧಿ ಸಾಲವನ್ನು ದೀರ್ಘ ಕಂತುಗಳಿಗೆ ಮಾರ್ಪಡಿಸುವುದು ಪುನರ್‌ರಚನೆ. ಕಟ್ಟಲಾಗದ ಸ್ಥಿತಿಯಲ್ಲಿ ಅದೇ ಬ್ಯಾಂಕ್ ಕೊಡುವ ರಿಯಾಯಿತಿ ಅದು. ವೈಯಕ್ತಿಕ ಸಾಲ ಪುನರ್‌ರಚನೆಯಾದರೆ ಸಾಲಗಾರರ ಕ್ರೆಡಿಟ್ ವರದಿಯಲ್ಲಿ ಹಾಗೆಂದೇ ದಾಖಲಾಗುತ್ತದೆ. ಹೀಗಾಗಿ ಅರ್ಜಿಯಲ್ಲಿ ಒಂದರ ಬದಲು ಇನ್ನೊಂದು ಪದ ಬರೆದರೆ ಮುಂದಿನ ಸಾಲಕ್ಕೆ ತೊಡಕಾದೀತು.

ಚಿನ್ನದ ಸಾಲದಲ್ಲಿ ವರ್ಷಕ್ಕೊಮ್ಮೆ ಮಾಡುವುದು ನವೀಕರಣ. ಬಡ್ಡಿಯನ್ನೂ ಕಟ್ಟದೆ, ಬಡ್ಡಿ ಸೇರಿಸಿದ ಮೊತ್ತಕ್ಕೇ ಹೊಸ ಸಾಲ ಬರೆಸಿಕೊಂಡು ಬರುವವರೂ ‘ಒಡವೆ ಬಿಡಿಸಿ ಮತ್ತೆ ಇಟ್ಟೆ’ ಎನ್ನುತ್ತಾರೆ. ಒಡವೆ ಕಪಾಟಿನಿಂದ ಹೊರಗೆ ಬಂದಿರುವುದೇ ಇಲ್ಲ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ, ಅವಧಿಯ ಕೊನೆಗೆ ಒಟ್ಟಿಗೆ ತೀರಿಸುವ ಚಿನ್ನದ ಸಾಲವನ್ನು ಅಲ್ಲಿಯವರೆಗಿನ ಬಡ್ಡಿ ಪಾವತಿಸಿದ ಬಳಿಕವೇ ನವೀಕರಿಸಬೇಕು.

ಒಂದು ಮೈಕ್ರೊಫೈನಾನ್ಸ್ ಸಂಸ್ಥೆಯ ವಾರದ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ಮಾಡುವುದನ್ನೂ ಕೆಲವರು ರೀಫೈನಾನ್ಸ್ ಎನ್ನುವುದುಂಟು. ಹಾಗೆನ್ನಲು ಹಳೆಯ ಸಾಲದ ಖಾತೆ ಮುಚ್ಚಿರಬೇಕು. ಇಲ್ಲಿ ಹಳೆಯದೂ ಇದೆ, ಹೊಸದೂ ಸೇರಿದೆ. ಇಂಥ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50 ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಮಿತಿ ಹಾಕಿದೆ. ಸಾಲ ಕೊಡುವ ಮುನ್ನ ಇದನ್ನು ಪರಿಶೀಲಿಸುವ ಹೊಣೆ ಸಂಸ್ಥೆಯದು.