ಬಜೆ: ಕಾಯುವ ಬೇರು, ಮಾತು ಬಿಡಿಸುವ ಬೇರು

ಈ ಸಲ ಸಾಫ್ಟ್‌ವೇರೂ ಇಲ್ಲ, ಸಿನಿಮಾ ವಿಮರ್ಶೆಯೂ ಇಲ್ಲ. ಒಂದು ಒಣಗಿದ ಬೇರಿನ ಇತಿಹಾಸ ಬರೀತಿದ್ದೀನಿ. ನಮ್ಮ ರಾಜಾನುಕುಂಟೆ ಕಡೆ ಬಾಣಂತಿ ಇರೋ ಮನೆಗೆ ಹೋದರೆ ಸಾಂಬ್ರಾಣಿ ಹೊಗೆಯ ಜೊತೆಗೇ ಮೂಗಿಗೆ ಬಡಿಯುವ ಇನ್ನೊಂದು ಖಾರದ ವಾಸನೆ ಇರುತ್ತಲ್ಲ, ಅದು ಬಜೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ, ಗಂಟು ಗಂಟಾದ ಕಂದು ಬಣ್ಣದ ತುಂಡು.

ಅದಕ್ಕೆ ಮನೆಯಲ್ಲಿ ಎರಡು ಕೆಲಸ. ಒಂದು, ಕಾಯೋದು. ಚಿಕ್ಕ ಚಿಕ್ಕ ತುಂಡು ಮಾಡಿ ಕರಿದಾರದಲ್ಲಿ ಪೋಣಿಸಿ ಮಗುವಿನ ಕೈಗೆ ಕಟ್ಟುತ್ತಾರೆ, ದೃಷ್ಟಿ ತಾಗದಿರಲಿ, ರಾತ್ರಿ ಬೆಚ್ಚಿ ಬೀಳದಿರಲಿ ಅಂತ. ಎರಡು, ಮಾತು ಬಿಡಿಸೋದು. ಕಲ್ಲಿನ ಮೇಲೆ ಎರಡು ಮೂರು ಸುತ್ತು ತೇದು ನಾಲಿಗೆಗೆ ಸವರುತ್ತಾರೆ, ಮಾತು ಸ್ಪಷ್ಟವಾಗಿ ಬರಲಿ, ಬುದ್ಧಿ ಚುರುಕಾಗಲಿ ಅಂತ. ಭೂತ ಓಡಿಸೋದಕ್ಕೂ ಉಚ್ಚಾರಣೆಗೂ ಏನು ಸಂಬಂಧ? ನನ್ನನ್ನ ಕಾಡಿದ ಪ್ರಶ್ನೆ ಇದೇ.

ಮೊದಲು ಹೆಸರು ನೋಡೋಣ. ನಮ್ಮ ಬಜೆ, ಹಿಂದಿಯ ಬಚ್ ಎರಡೂ ಸಂಸ್ಕೃತದ ವಚಾ ಅನ್ನೋದಕ್ಕೆ ಸೇರಿದವು. ವಚಾ ಅಂದರೆ ಮಾತಿಗೆ ಸಂಬಂಧಪಟ್ಟದ್ದು. ಅಮರಕೋಶದಲ್ಲಿ ಇದೇ ಗಿಡಕ್ಕೆ ಉಗ್ರಗಂಧಾ, ಷಡ್‌ಗ್ರಂಥಾ ಅನ್ನೋ ಹೆಸರುಗಳೂ ಇವೆ. ಅಂದರೆ ಒಂದು ಹೆಸರು ಮಾತಿನ ಮೇಲೆ, ಒಂದು ಘಾಟಿನ ಮೇಲೆ, ಒಂದು ಗಂಟಿನ ಮೇಲೆ. ಪಕ್ಕದ ತಮಿಳಿನಲ್ಲಿ ವಸಂಬು ಅಂತಾರೆ. ಆದರೆ ಆ ಹೆಸರನ್ನ ಬಾಯಲ್ಲಿ ಹೇಳಬಾರದು ಅಂತ 'ಪಿಳ್ಳೈ ವಳರ್ಪಾನ್', ಅಂದರೆ ಮಗು ಬೆಳೆಸುವವನು, ಅಂತ ಸುತ್ತಿ ಬಳಸಿ ಕರೆಯೋರಿದ್ದಾರೆ. 'ಹೆಸರು ಹೇಳಬಾರದ ಮದ್ದು' ಅನ್ನೋ ಹೆಸರೂ ಅದಕ್ಕಿದೆ. ಮಾತು ಕೊಡೋ ಬೇರಿನ ಹೆಸರನ್ನೇ ಮಾತಾಡೋ ಹಾಗಿಲ್ಲ, ನೋಡಿ :)

ಇನ್ನು ಗ್ರಂಥಗಳಿಗೆ ಬರೋಣ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳ ವಿವರ ಇದೆ. ಇವು ಆಕಾಶದ ನವಗ್ರಹಗಳಲ್ಲ, ಸ್ಕಂದ, ಶಕುನಿ, ರೇವತಿ, ಪೂತನಾ ಮುಂತಾದ ಬಾಲಗ್ರಹಗಳು. ಸ್ಕಂದಗ್ರಹ ಹಿಡಿದ ಮಗುವಿಗೆ ಹಾಕಬೇಕಾದ ಹೊಗೆಯ ಪಟ್ಟಿಯಲ್ಲಿ ಸಾಸಿವೆ, ಹಾವಿನ ಪೊರೆ, ತುಪ್ಪ, ಒಂಟೆ, ಆಡು, ಕುರಿ, ಹಸುಗಳ ಕೂದಲು, ಜೊತೆಗೆ ವಚಾ. ವಾಸನೆಗೆ ಮನುಷ್ಯರೇ ಓಡಬೇಕು, ಗ್ರಹ ಓಡದೆ ಇರುತ್ತಾ!

ಅದೇ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೇಧೆ ಮತ್ತು ಆಯುಸ್ಸಿನ ಬಗ್ಗೆ ಒಂದು ಅಧ್ಯಾಯ ಇದೆ. ಅಲ್ಲಿ ವಚೆಯನ್ನ ನೆಲ್ಲಿಕಾಯಿ ಗಾತ್ರ ಹಾಲಿನಲ್ಲಿ ಕದಡಿ ಕುಡಿಯಬೇಕು. ಹನ್ನೆರಡು ರಾತ್ರಿಗೆ ಕಿವಿ ತೆರೆಯುತ್ತೆ, ಅದರ ಎರಡರಷ್ಟಕ್ಕೆ ನೆನಪು, ಮೂರರಷ್ಟಕ್ಕೆ ಕೇಳಿದ್ದೆಲ್ಲ ಉಳಿಯುತ್ತೆ, ನಾಲ್ಕರಷ್ಟಕ್ಕೆ ಪಾಪ ಕಳೆದು ನೂರು ವರ್ಷ ಆಯುಸ್ಸು. ಕುಡಿಯುವ ಮುಂಚೆ ಅದನ್ನ ಮಂತ್ರಿಸಬೇಕು ಕೂಡ. ಇಲ್ಲಿ ಮದ್ದು, ಮಾಟ ಅಂತ ನಡುವೆ ಗೆರೆ ಎಳೆದಿಲ್ಲ.

ಎರಡೂ ಕೆಲಸಗಳನ್ನ ಜೋಡಿಸುವ ಕೊಂಡಿ ಸಿಗೋದು ಚರಕ ಸಂಹಿತೆಯಲ್ಲಿ. ಅಲ್ಲಿ ವಚಾ ಇರುವ ಒಂದು ಗುಂಪಿನ ಹೆಸರು ಸಂಜ್ಞಾಸ್ಥಾಪನ, ಅಂದರೆ ತಪ್ಪಿದ ಪ್ರಜ್ಞೆಯನ್ನ ಮತ್ತೆ ನಿಲ್ಲಿಸುವಂಥದ್ದು. ಅಂದಿನವರ ದೃಷ್ಟಿಯಲ್ಲಿ ಮಂಕು ಕವಿಯೋದು, ಮಾತು ನಿಲ್ಲೋದು, ಮಗು ಬೆಚ್ಚೋದು ಎಲ್ಲವೂ ಹೊರಗಿನದೇನೋ ಒಳಗೆ ಹೊಕ್ಕಿದ್ದರಿಂದ ಆಗಬಹುದಾದದ್ದು. ಅದನ್ನ ಘಾಟಿನಿಂದ ಹೊರಗಟ್ಟಿದರೆ ಉಳಿಯೋದೇ ತಿಳಿ ಮನಸ್ಸು. ಕಾಯೋದೂ ತಿಳಿಯಾಗಿಸೋದೂ ಒಂದೇ ಕ್ರಿಯೆಯ ಎರಡು ಮುಖ ಅಂತ ನನಗನ್ನಿಸೋದು ಇದಕ್ಕೇ.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಅಮೆರಿಕದ ಡಕೋಟಾ ಜನರ ಬಗ್ಗೆ ಮೆಲ್ವಿನ್ ಗಿಲ್‌ಮೋರ್ 1919ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದೇ ಜಾತಿಯ ಬೇರು ಬರುತ್ತೆ. ಯೋಧರು ಅದನ್ನ ಅಗಿದು ಮುಖಕ್ಕೆ ಬಳಿದುಕೊಳ್ತಿದ್ದರು, ಶತ್ರು ಎದುರು ಬಂದಾಗ ಭಯ, ಉದ್ವೇಗ ಆಗದಿರಲಿ ಅಂತ. ಸುಶ್ರುತನನ್ನು ಕೇಳಿಯೂ ಗೊತ್ತಿಲ್ಲದ ಜನ, ಅದೇ ಎರಡು ಕೆಲಸ!

ಇಲ್ಲಿ ಇದು ಎಷ್ಟು ಮುಖ್ಯವಾಗಿತ್ತು ಅನ್ನೋದಕ್ಕೆ ಒಂದು ಸಾಕ್ಷಿ. ಕಂಪನಿ ಸರ್ಕಾರದ ಮದರಾಸಿನ ವೈದ್ಯ ವೈಟ್‌ಲಾ ಏನ್ಸ್‌ಲಿ 1826ರಲ್ಲಿ 'ಮೆಟೀರಿಯಾ ಇಂಡಿಕಾ' ಪ್ರಕಟಿಸಿದ. ಮಕ್ಕಳ ಹೊಟ್ಟೆನೋವಿಗೆ ಈ ಬೇರು ಎಷ್ಟು ಬೇಕಾದದ್ದು ಅಂದರೆ, ನಡುರಾತ್ರಿ ಬಂದು ಕೇಳಿದರೂ ಬಾಗಿಲು ತೆಗೆದು ಕೊಡದ ಅಂಗಡಿಯವನಿಗೆ ದಂಡ ಇತ್ತು ಅಂತ ಅದರಲ್ಲಿದೆ.

ಈಗ ಕಥೆಯ ಇನ್ನೊಂದು ಮಗ್ಗುಲು. 1967ರಲ್ಲಿ ಬಜೆ ಎಣ್ಣೆ ತಿಂದ ಇಲಿಗಳಲ್ಲಿ ಕರುಳಿನ ಗೆಡ್ಡೆ ಕಂಡುಬಂದ ವರದಿ ಬಂತು. 1968ರಲ್ಲಿ ಅಮೆರಿಕ ಸರ್ಕಾರ ಆಹಾರದಲ್ಲಿ ಬಜೆ ಸೇರಿಸೋದನ್ನ ನಿಷೇಧಿಸಿತು. ಅನುಮಾನ ಇರೋದು ಬೀಟಾ-ಅಸರೋನ್ ಅನ್ನೋ ಅಂಶದ ಮೇಲೆ. ಅಮೆರಿಕದ ಸ್ಥಳೀಯ ಬಗೆಯಲ್ಲಿ ಅದು ಇಲ್ಲ, ಭಾರತದ ಬಗೆಗಳಲ್ಲಿ ಹೆಚ್ಚು. ಹೆಚ್ಚಾದರೆ ವಾಂತಿ ಬರೋದಂತೂ ನಮ್ಮ ವೈದ್ಯರಿಗೆ ಹಳೇ ವಿಷಯ, ವಾಂತಿ ಮಾಡಿಸೋ ಚಿಕಿತ್ಸೆಗೂ ಇದನ್ನ ಬಳಸಿದ್ದಾರೆ.

ನಾನು ಇದನ್ನೆಲ್ಲ ಬರೆಯೋಕೆ ಕಾರಣ ಇದೆ. ನಮ್ಮ ಸುತ್ತ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ತೇಯುವ ಕಲ್ಲೂ ಇಲ್ಲ, 'ಮೂರು ಸುತ್ತು ಸಾಕು ಕಣೇ' ಅನ್ನೋ ಅಜ್ಜಿಯೂ ಜೊತೆಗಿಲ್ಲ. ಬೇರು ಪುಡಿಯಾಗಿ, ಪೊಟ್ಟಣವಾಗಿ ಆನ್‌ಲೈನಲ್ಲಿ ಬರುತ್ತೆ. ತೇಯುವಾಗ ನಾಲಿಗೆಗೆ ತಾಗುತ್ತಿದ್ದದ್ದು ಒಂದು ಗೆರೆ, ಚಮಚದಲ್ಲಿ ಹೋಗೋದು ಅದರ ಎಷ್ಟೋ ಪಾಲು. ಶಾಸ್ತ್ರ ಉಳೀತು, ಅದರ ಅಳತೆ ಕಳೀತು. ಹಾಗಂತ ಮೂರು ಸುತ್ತು ಸುರಕ್ಷಿತ ಅಂತಲೂ ನಾನು ಹೇಳ್ತಿಲ್ಲ. ಅದು ರೂಢಿ, ಪ್ರಯೋಗ ಅಲ್ಲ. ಜೊತೆಗೆ ಜೇನು ಬೆರೆಸೋರಿಗೆ ಒಂದು ಮಾತು: ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ ಅಂತ ಮಕ್ಕಳ ವೈದ್ಯರು ಹೇಳ್ತಾರೆ, ಬಾಟ್ಯುಲಿಸಂ ಅನ್ನೋ ಅಪಾಯಕಾರಿ ಕಾಯಿಲೆಯ ಭಯದಿಂದ.

ನನ್ನ ಮಟ್ಟಿಗೆ ದಾರಿ ಸರಳ. ಹಳಬರು ಈ ಬೇರನ್ನ ಕಟ್ಟಿದ್ದಾರೆ, ಸುಟ್ಟಿದ್ದಾರೆ, ತಿನ್ನಿಸಿದ್ದಾರೆ. ದೊಡ್ಡವರ ಸಮಾಧಾನಕ್ಕೆ ಬಜೆ ಬೇಕೇ ಬೇಕು ಅಂದರೆ ತೊಟ್ಟಿಲ ಮೇಲೆ ಮಗುವಿಗೆ ಎಟುಕದ ಹಾಗೆ ಕಟ್ಟಿ. ಕೈಯಲ್ಲಿದ್ದರೆ ಬಾಯಿಗೆ ಹೋಗುತ್ತೆ, ದಾರ ಹರಿದರೆ ತುಂಡು ಗಂಟಲಿಗೆ ಸಿಕ್ಕುತ್ತೆ. ನಾಲಿಗೆಗೆ ಮಾತ್ರ ವೈದ್ಯರನ್ನ ಕೇಳದೆ ಬೇಡ.

ಗಿಡ ನೋಡಬೇಕು ಅನ್ನೋರು ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಹೋಗಿ. ಅಲ್ಲಿ ಭತ್ತದ ಹಾಗೆ ನೀರು ನಿಲ್ಲಿಸಿ ಬಜೆ ಬೆಳೆಯುವ ರೈತರಿದ್ದಾರೆ. ಕತ್ತಿಯಂಥ ಎಲೆ, ಕೆಸರಿನಲ್ಲಿ ಅಡ್ಡಡ್ಡ ಹರಿಯುವ ಗೆಡ್ಡೆ. ಕೆರೆ, ಕುಂಟೆಗಳ ಅಂಚಿನ ಗಿಡ ಇದು. ನಮ್ಮೂರ ಹೆಸರಲ್ಲೂ ಒಂದು ಕುಂಟೆ ಇದೆ!

ನಿಮ್ಮ ಕಡೆ ಬಜೆಗೆ ಏನಂತಾರೆ? ಕಟ್ಟುತ್ತಿದ್ದರಾ, ಸುಡುತ್ತಿದ್ದರಾ, ತೇಯುತ್ತಿದ್ದರಾ? ಹೆಸರು ಹೇಳಬಾರದು ಅನ್ನೋ ರೂಢಿ ಕನ್ನಡದ ಮನೆಗಳಲ್ಲೂ ಇತ್ತಾ? ಅಜ್ಜಿಯರನ್ನ ಕೇಳಿ ಬರೀರಿ.