ಬೆನ್ನು ತಿರುಗಿಸಿ ಹುಟ್ಟು ಹಾಕಿದವರು

ಯೂಟಾದ ಮೋಆಬ್ ಹತ್ತಿರ ಕೊಲೊರಾಡೊ ನದಿಗೆ ಇಳಿದ ದಿನ, ಫಿಶರ್ ಟವರ್ಸ್‌ನ ಕೆಂಪು ಶಿಖರಗಳಿಗಿಂತ ಹೆಚ್ಚಾಗಿ ನಾನು ನೋಡಿದ್ದು ನಮ್ಮ ಗೈಡ್ ಹುಡುಗಿಯ ಕೈಗಳನ್ನು. ದಾಂಡೇಲಿಯ ಕಾಳಿ ನದಿಯಲ್ಲಾದರೆ ನಮ್ಮ ಕೈಗೂ ಹುಟ್ಟು ಕೊಟ್ಟು, ಕೂಗಿ ಕೂಗಿ ದುಡಿಸಿದ್ದರು. ಇಲ್ಲಿ ರಬ್ಬರ್ ದೋಣಿಯ ನಡುವೆ ಲೋಹದ ಚೌಕಟ್ಟು, ಎರಡೂ ಬದಿಗೆ ಆಳುದ್ದ ಮೀರಿದ ಹುಟ್ಟು, ದುಡಿಮೆಯೆಲ್ಲ ಅವಳದೇ. ಬಂಡೆ ಎದುರಾದರೆ ದೋಣಿಯನ್ನು ಓರೆ ಮಾಡಿ, ಹರಿವಿಗೆ ಎದುರಾಗಿ ಹಿಂದಕ್ಕೆ ಎಳೆಯುತ್ತಿದ್ದಳು. ವೇಗ ತಗ್ಗಿ ದೋಣಿ ಪಕ್ಕಕ್ಕೆ ಸರಿಯುತ್ತಿತ್ತು. ಕಣ್ಣು ಮಾತ್ರ ಸದಾ ಮುಂದಕ್ಕೆ.

ಇದರಲ್ಲೇನಿದೆ ಎನ್ನಬೇಡಿ. 1869ರ ಮೇ 24ರಂದು ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ ಒಂಬತ್ತು ಜನರನ್ನು ಕಟ್ಟಿಕೊಂಡು, ನಾಲ್ಕು ದೋಣಿಗಳಲ್ಲಿ ವಯೋಮಿಂಗ್‌ನಿಂದ ಕೊಲೊರಾಡೊವನ್ನು ಸೇರುವ ಗ್ರೀನ್ ನದಿಗುಂಟ ಹೊರಟಾಗ, ಹುಟ್ಟು ಹಾಕುವವರೆಲ್ಲ ಅಪಾಯಕ್ಕೆ ಬೆನ್ನು ಮಾಡಿ ಕೂತಿದ್ದರು. ಪೊವೆಲ್‌ನ ಬಲಗೈ ಅಮೆರಿಕದ ಅಂತರ್ಯುದ್ಧದ ಶೈಲೋ ಕದನದಲ್ಲಿ ಹೋಗಿತ್ತು. ಅವನು ಮುಂದಿನ ದೋಣಿಯಿಂದ ದಾರಿ ನೋಡುತ್ತಿದ್ದ. ಉಳಿದ ಮೂರು ದೋಣಿಗಳು ಓಕ್ ಮರದವು: ಭಾರ, ದುಂಡು ತಳ, ನೇರ ಓಡುವುದಕ್ಕೇ ಹೇಳಿ ಮಾಡಿಸಿದಂಥವು, ತಿರುಗು ಎಂದರೆ ತಿರುಗವು. ಅವುಗಳಲ್ಲೊಂದು ಲೊಡೋರ್ ಕಣಿವೆಯಲ್ಲಿ ಬಂಡೆಗೆ ಬಡಿದು ಚೂರಾಯಿತು. ಅದರ ಅವಶೇಷದಿಂದ ವಾಯುಭಾರ ಮಾಪಕಗಳ ಜೊತೆಗೆ, ನಾಯಕನಿಗೆ ಗೊತ್ತಿಲ್ಲದಂತೆ ತುಂಬಿಸಿದ್ದ ವಿಸ್ಕಿ ಪೀಪಾಯಿಯೂ ಸಿಕ್ಕಿತು. ಕೊನೆಕೊನೆಗೆ ಮೂವರು ಸಾಕೆಂದು ದಂಡೆ ಹತ್ತಿ ಹೋದರು, ಮರಳಿ ಕಂಡವರಿಲ್ಲ. ಉಳಿದವರು ಗ್ರ್ಯಾಂಡ್ ಕ್ಯಾನ್ಯನ್ ದಾಟಿ ಆಗಸ್ಟ್ 30ರಂದು ವರ್ಜಿನ್ ನದಿಯ ಸಂಗಮ ಮುಟ್ಟಿದರು.

ಕೀರ್ತಿಯೆಲ್ಲ ಪೊವೆಲ್‌ಗೆ ಹೋಯಿತು. ಹೋಗಲಿ, ಅದು ಸಲ್ಲಬೇಕಾದದ್ದೇ. ಆದರೆ ದೋಣಿಯವರ ಮೇಲಿರುವ ಋಣ ನೇಥನಿಯಲ್ ಗಾಲೋವೇ ಎಂಬ ಬೇಟೆಗಾರನದು. ತುಪ್ಪಳಕ್ಕಾಗಿ ಬಲೆ ಒಡ್ಡುತ್ತ ಇದೇ ನದಿಗಳಲ್ಲಿ ಅಲೆದ ಇವನು, 1890ರ ದಶಕದಲ್ಲಿ ಚಪ್ಪಟೆ ತಳದ ಹಗುರ ದೋಣಿ ಕಟ್ಟಿ, ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ಕೂತ. ಬರುವುದನ್ನು ಕಾಣುತ್ತ, ಹಿಂದಕ್ಕೆ ಎಳೆಯುತ್ತ ಇಳಿದ. ನೀರಿಗಿಂತ ವೇಗವಾಗಿ ಓಡುವ ಹಠ ಬಿಟ್ಟಿದ್ದೇ ಅವನ ಜಾಣತನ. ಹೀಗಿದ್ದೂ ಮುಂದೆ ಈ ನದಿಗೆ ಅಣೆಕಟ್ಟು ಕಟ್ಟಿದಾಗ ಜಲಾಶಯಕ್ಕೆ ಬಂದದ್ದು ಪೊವೆಲ್‌ನ ಹೆಸರೇ. ಅವನು ದಾಟಿದ ಕ್ಯಾಟರಾಕ್ಟ್ ಕಣಿವೆಯ ಕೆಳಗಿನ ರ್‍ಯಾಪಿಡ್‌ಗಳನ್ನು ನುಂಗಿದ್ದೂ ಆ ಲೇಕ್ ಪೊವೆಲ್ಲೇ.

ಇನ್ನು ನಮ್ಮಂಥ ಪ್ರವಾಸಿಗರು. 1938ರಲ್ಲಿ ನಾರ್ಮನ್ ನೆವಿಲ್ಸ್ ಎಂಬಾತ ಮಿಶಿಗನ್ ವಿಶ್ವವಿದ್ಯಾಲಯದ ಎಲ್ಜಾಡಾ ಕ್ಲೋವರ್ ಮತ್ತು ಲೋಯಿಸ್ ಜಾಟರ್ ಎಂಬ ಸಸ್ಯವಿಜ್ಞಾನಿಗಳನ್ನು ಪ್ಲೈವುಡ್ ದೋಣಿಗಳಲ್ಲಿ ಕರೆದೊಯ್ದ. ಗ್ರ್ಯಾಂಡ್ ಕ್ಯಾನ್ಯನ್ ಉದ್ದಕ್ಕೂ ದೋಣಿಯಲ್ಲಿ ಸಾಗಿದ ಮೊದಲ ಹೆಂಗಸರು ಇವರು. ದಾರಿಯುದ್ದಕ್ಕೂ ಕಳ್ಳಿಗಿಡಗಳನ್ನು ಸಂಗ್ರಹಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ರಬ್ಬರ್ ತೆಪ್ಪಗಳು ಅಗ್ಗಕ್ಕೆ ಸಿಕ್ಕವು. ಜಾರ್ಜಿ ವೈಟ್ ಎಂಬಾಕೆ ಅಂಥ ಮೂರನ್ನು ಒಂದಕ್ಕೊಂದು ಬಿಗಿದು, ಖರ್ಚು ಹಂಚಿಕೊಳ್ಳುವ ಲೆಕ್ಕದಲ್ಲಿ ಜನರನ್ನು ಹತ್ತಿಸಿದಳು. ಮರದ ದೋಣಿಯವರು ಮೂಗು ಮುರಿದರು. ಜನ ಮಾತ್ರ ಬರುತ್ತಲೇ ಇದ್ದರು.