ರಿಟ್

‘ಸರ್ಕಾರದ ಮೇಲೆ ರಿಟ್ ಹಾಕಿದ್ದಾನಂತೆ’ ಎನ್ನುತ್ತೇವೆ. ನಿಜವಾಗಿ ಪ್ರಜೆ ಹಾಕುವುದು ಅರ್ಜಿ. ರಿಟ್ ಹೊರಡಿಸುವುದು ನ್ಯಾಯಾಲಯ. ಆಡುಮಾತು ಈ ಭೇದವನ್ನು ಲೆಕ್ಕಿಸಲಿಲ್ಲ, ಅದರಿಂದ ನಷ್ಟವೇನೂ ಆಗಿಲ್ಲ. ಇಂಗ್ಲಿಷಿನ ‘ರೈಟ್’, ಅಂದರೆ ಬರೆ ಎಂಬ ಕ್ರಿಯಾಪದದ ಒಡಹುಟ್ಟು ಈ ಪದ. ಮೂಲಾರ್ಥ ‘ಬರೆದದ್ದು’. ಇಂಗ್ಲೆಂಡಿನಲ್ಲಿ ಅದು ದೊರೆಯ ಮೊಹರು ಹೊತ್ತ ಲಿಖಿತ ಅಪ್ಪಣೆಯಾಗಿತ್ತು. ಅಧಿಕಾರದ ಕೈಯಲ್ಲಿದ್ದ ಓಲೆಯೇ ಕಡೆಗೆ ಅಧಿಕಾರವನ್ನು ತಡೆಯುವ ಓಲೆಯಾಯಿತು.

ನಮ್ಮ ಸಂವಿಧಾನದ 32ನೇ ವಿಧಿ ಸುಪ್ರೀಂ ಕೋರ್ಟಿಗೂ 226ನೇ ವಿಧಿ ಹೈಕೋರ್ಟುಗಳಿಗೂ ರಿಟ್ ಹೊರಡಿಸುವ ಅಧಿಕಾರ ಕೊಟ್ಟಿವೆ. ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್ ಮೊದಲಾಗಿ ಐದು ಬಗೆ. ಹೆಸರುಗಳೆಲ್ಲ ಲ್ಯಾಟಿನ್ ಮೂಲದವು.

ಪದದ ಬಲ ತಿಳಿಯಲು ಒಂದು ಬೀಡಿ ಮೊಕದ್ದಮೆ ಸಾಕು. 1950ರಲ್ಲಿ ಮಧ್ಯಪ್ರದೇಶದ ಸಾಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಬೇಸಾಯದ ಕಾಲದಲ್ಲಿ ಬೀಡಿ ಕಟ್ಟಕೂಡದೆಂದು ಜಿಲ್ಲಾಧಿಕಾರಿ ಆಜ್ಞೆ ಹೊರಡಿಸಿದರು. ಹೊಲಕ್ಕೆ ಆಳು ಸಿಗಲಿ ಎಂಬುದು ನೆಪ. ಹೊಲದಲ್ಲಿ ದುಡಿಯಲಾಗದ ಮುದುಕರು, ಮಕ್ಕಳು, ಅಂಗವಿಕಲರೂ ಬೀಡಿ ಕಟ್ಟಿಯೇ ಬದುಕಬಲ್ಲರಲ್ಲ! ಒಬ್ಬ ಬೀಡಿ ಮಾಲೀಕ, ಒಬ್ಬ ಕೆಲಸಗಾರ ನೇರ ಸುಪ್ರೀಂ ಕೋರ್ಟಿಗೆ ಹೋದರು. ಇಂಥ ಸಾರಾಸಗಟು ನಿಷೇಧ ಸಮಂಜಸ ನಿರ್ಬಂಧವಲ್ಲ ಎಂದು ಕೋರ್ಟು ಅದನ್ನು ರದ್ದುಮಾಡಿತು. ವೃತ್ತಿ ಸ್ವಾತಂತ್ರ್ಯದ ಚರ್ಚೆಯಲ್ಲಿ ಈ ತೀರ್ಪು ಇಂದಿಗೂ ಉಲ್ಲೇಖವಾಗುತ್ತದೆ.

‘ರಿಟ್ ಅರ್ಜಿ’ ಎಂಬ ಜೋಡಿಯಲ್ಲಿ ಮೊದಲರ್ಧ ಇಂಗ್ಲಿಷ್, ಉಳಿದರ್ಧ ಅರಬ್ಬಿ ಮೂಲದ್ದು. ಇಡಿಯಾಗಿ ಅಪ್ಪಟ ಕನ್ನಡ.